ಎಸ್‌ಟಿಪಿ ಮತ್ತು 43ನೇ ನಂಬರಿನ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮೇಜಿನ ಮೇಲೆ ಬೆರಳುದ್ದದ ಒಂದು ಆಟಿಕೆ ಕಾರಿದೆ. ಸ್ವಲ್ಪ ತಿಳಿನೀಲಿ, ಸ್ವಲ್ಪ ಕೆಂಡದಂಥ ಕೆಂಪು. ಬಾನೆಟ್ ಮೇಲೆ ಮೊಟ್ಟೆಯಾಕಾರದ ಗುರುತು, ಅದರೊಳಗೆ ಬಿಳಿ ಅಕ್ಷರದಲ್ಲಿ ಎಸ್‌ಟಿಪಿ. ಬಾಗಿಲ ಮೇಲೆ 43. ಅಮೆರಿಕದ ಸ್ಟಾಕ್ ಕಾರ್ ರೇಸಿನಲ್ಲಿ ರಿಚರ್ಡ್ ಪೆಟ್ಟಿ ಓಡಿಸುತ್ತಿದ್ದ ಕಾರಿನ ಪುಟ್ಟ ನಕಲು ಅದು. ಮನೆಗೆ ಬಂದವರು ಅದನ್ನು ಕೈಗೆ ತಗೊಂಡು ಏನಾದರೂ ಕೇಳಿಯೇ ಕೇಳುತ್ತಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ಎಸ್‌ಟಿಪಿ ಅಂದ್ರೆ ಇಂಜಿನ್ ಆಯಿಲಾ?

ಪೂರ್ತಿ ಆಯಿಲ್ ಅಲ್ಲ, ಇಂಜಿನ್ ಆಯಿಲ್ ಜೊತೆ ಬೆರೆಸುವ ಪದಾರ್ಥ. 1950ರ ದಶಕದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಊರಲ್ಲಿ ಶುರುವಾಯಿತು. ‘ಸೈಂಟಿಫಿಕಲಿ ಟ್ರೀಟೆಡ್ ಪೆಟ್ರೋಲಿಯಂ’ ಎಂಬ ಹೆಸರಿನ ಮೂರು ಮೊದಲಕ್ಷರಗಳೇ ಎಸ್‌ಟಿಪಿ. ನೋಡಲು ಬೆಲ್ಲದ ಪಾಕದ ಹಾಗೆ ಮಂದ. ಡಬ್ಬ ಬಗ್ಗಿಸಿದರೆ ಗಳಗಳ ಅಂತ ಸುರಿಯುವುದಿಲ್ಲ, ಎಳೆಯಾಗಿ ಇಳಿಯುತ್ತದೆ. ಇಂಜಿನ್ ಕಾದಾಗ ಆಯಿಲ್ ತೆಳ್ಳಗಾಗುತ್ತದಲ್ಲ, ಹಾಗೆ ತೀರಾ ತೆಳುವಾಗದಂತೆ ತಡೆಯುವುದು ಇದರ ಕೆಲಸ ಅಂತ ಕಂಪನಿ ಹೇಳುತ್ತಿತ್ತು. 1961ರಲ್ಲಿ ಸ್ಟುಡಿಬೇಕರ್ ಪ್ಯಾಕರ್ಡ್ ಎಂಬ ಕಾರು ಕಂಪನಿ ಇದನ್ನು ಕೊಂಡಿತು. ಆಮೇಲೆ ಮಾಲೀಕರು ಬದಲಾಗುತ್ತಲೇ ಬಂದರು. ಹೆಸರು ಮಾತ್ರ ಇವತ್ತಿಗೂ ಉಳಿದಿದೆ.

ಸ್ಟಾಕ್ ಕಾರ್ ರೇಸ್ ಅಂದ್ರೆ? ಫಾರ್ಮುಲಾ ಒನ್ ಥರಾನಾ?

ಅಲ್ಲ. ಫಾರ್ಮುಲಾ ಒನ್ ಕಾರನ್ನು ರೇಸಿಗೆಂದೇ ಮಾಡುತ್ತಾರೆ. ಸ್ಟಾಕ್ ಕಾರ್ ಅಂದರೆ ಶೋರೂಮಿನ ಸ್ಟಾಕಿನಲ್ಲಿರುವ ಕಾರು. ಈಗಿನ ರೇಸ್ ಕಾರುಗಳಿಗೆ ಆಕಾರ ಮಾತ್ರ ಅಂಗಡಿಯದು, ಒಳಗೆಲ್ಲ ಬೇರೆ. ಮೊದಲಿಗೆ ಹಾಗಿರಲಿಲ್ಲ. ಈ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ 1948ರಲ್ಲಿ ಹುಟ್ಟಿತು. ಮರು ವರ್ಷ ಜೂನ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ರೇಸ್ ಇಟ್ಟರು. ಲೀ ಪೆಟ್ಟಿ ಅನ್ನುವವರು ಗೊತ್ತಿದ್ದವರ ಬ್ಯೂಕ್ ಕಾರನ್ನು ಎರವಲು ತಂದು ಓಡಿಸಿದರು. ಕಾರು ಪಲ್ಟಿ ಹೊಡೆಯಿತು. ಅಪ್ಪನ ಜೊತೆ ಹೋಗಿದ್ದ ಹನ್ನೊಂದು ವರ್ಷದ ಹುಡುಗ ಅದನ್ನು ಕಣ್ಣಾರೆ ನೋಡಿದ. ಆ ಹುಡುಗನೇ ರಿಚರ್ಡ್ ಪೆಟ್ಟಿ.

ರಿಚರ್ಡ್ ಪೆಟ್ಟಿ ಅಷ್ಟು ದೊಡ್ಡ ಹೆಸರಾ?

ಈ ಆಟದಲ್ಲಿ ಅವರಿಗೆ ‘ಕಿಂಗ್’ ಅಂತಲೇ ಹೆಸರು. ಒಟ್ಟು 200 ಗೆಲುವು, 7 ಸಲ ಚಾಂಪಿಯನ್, ಈ ಆಟದ ಅತಿ ದೊಡ್ಡ ರೇಸಾದ ಡೇಟೋನಾ 500ರಲ್ಲಿ 7 ಸಲ ಗೆಲುವು. 1967ರಲ್ಲಿ ಒಂದೇ ವರ್ಷ 27 ರೇಸ್ ಗೆದ್ದರು, ಅದರಲ್ಲಿ 10 ಸತತವಾಗಿ. ಅಪ್ಪನ ಕಾರಿಗೆ 42 ನಂಬರ್, ಮಗನದಕ್ಕೆ 43. ತಮ್ಮ ಮಾರಿಸ್ ಇಂಜಿನ್ ಕಟ್ಟುತ್ತಿದ್ದರು. ಕಸಿನ್ ಡೇಲ್ ಇನ್ಮನ್ ತಂಡದ ಮುಖ್ಯ ಮೆಕ್ಯಾನಿಕ್. ಲೆವೆಲ್ ಕ್ರಾಸ್ ಎಂಬ ಹಳ್ಳಿಯಲ್ಲಿ ಮನೆ ಪಕ್ಕದಲ್ಲೇ ವರ್ಕ್‌ಶಾಪು. ಪೂರಾ ಮನೆಮಂದಿಯೇ ಸೇರಿ ನಡೆಸುತ್ತಿದ್ದ ಕಸುಬು ಅದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕತೆಗೆಲ್ಲ ಇದೇ ಬೇರು.

ಅಷ್ಟು ಗೆದ್ದವರಿಗೆ ಸ್ಪಾನ್ಸರ್ ಯಾಕೆ ಬೇಕಾಯ್ತು?

ಅಲ್ಲಿವರೆಗೆ ದುಡ್ಡು ಬರುತ್ತಿದ್ದುದು ಕಾರು ಕಂಪನಿಗಳಿಂದ. ಭಾನುವಾರ ರೇಸ್ ಗೆದ್ದರೆ ಸೋಮವಾರ ಶೋರೂಮಿನಲ್ಲಿ ಕಾರು ಮಾರಾಟವಾಗುತ್ತದೆ ಅನ್ನೋದು ಅವರ ಲೆಕ್ಕ. 1970ರ ಹೊತ್ತಿಗೆ ಆ ಲೆಕ್ಕ ತಪ್ಪತೊಡಗಿತು. ಫೋರ್ಡ್ ಕೈ ಬಿಟ್ಟಿತು. ಕ್ರೈಸ್ಲರ್ 1971ರಲ್ಲಿ ಪೆಟ್ಟಿ ತಂಡದ ಎರಡೇ ಕಾರಿಗೆ ನೆರವು ಕೊಟ್ಟು, ವರ್ಷದ ಕೊನೆಗೆ ಅದನ್ನೂ ನಿಲ್ಲಿಸಿತು. ಅದೇ ವರ್ಷ ಪೆಟ್ಟಿ 21 ರೇಸ್ ಗೆದ್ದಿದ್ದರು. ಈ ಆಟದಲ್ಲಿ ಒಟ್ಟು 10 ಲಕ್ಷ ಡಾಲರ್ ಬಹುಮಾನ ಗಳಿಸಿದ ಮೊದಲ ಚಾಲಕ ಅನ್ನಿಸಿಕೊಂಡಿದ್ದರು. ಆದರೂ ಮುಂದಿನ ವರ್ಷ ಹೇಗೆ ಅನ್ನುವ ಚಿಂತೆ. ಇಂಜಿನ್ನು, ಟೈರು, ಊರಿಂದೂರಿಗೆ ಓಡಾಟ, ಕೆಲಸದವರ ಸಂಬಳ ಎಲ್ಲ ಬರೀ ಬಹುಮಾನದ ದುಡ್ಡಿನಲ್ಲಿ ನಡೆಯುವಂಥದ್ದಲ್ಲ.

ಇನ್ನೊಂದು ಕಡೆ ಹೊಸ ಬಾಗಿಲು ತೆರೆದಿತ್ತು. 1971ರ ಆರಂಭದಲ್ಲಿ ಅಮೆರಿಕದ ಟಿವಿ, ರೇಡಿಯೊಗಳಲ್ಲಿ ಸಿಗರೇಟ್ ಜಾಹೀರಾತು ನಿಷೇಧವಾಯಿತು. ಆ ದುಡ್ಡು ಹಿಡಿದುಕೊಂಡು ವಿನ್‌ಸ್ಟನ್ ಸಿಗರೇಟಿನವರು ನಾಸ್ಕಾರ್‌ಗೆ ಬಂದರು. 1971ರಲ್ಲಿ 48 ಇದ್ದ ರೇಸುಗಳನ್ನು 1972ಕ್ಕೆ 31ಕ್ಕೆ ಇಳಿಸಲಾಯಿತು. ಚಿಕ್ಕಪುಟ್ಟ ಟ್ರ್ಯಾಕುಗಳು ಹೋದವು, ದೊಡ್ಡವು ಉಳಿದವು. ಹೊರಗಿನ ಕಂಪನಿಗಳಿಗೂ ಇಲ್ಲಿ ದುಡ್ಡು ಹಾಕಬಹುದು ಅನ್ನಿಸತೊಡಗಿದ ಕಾಲ ಅದು.

ಅರ್ಧ ನೀಲಿ, ಅರ್ಧ ಕೆಂಪು. ಈ ಬಣ್ಣ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ನನಗೂ ಇದೇ ತುಂಬಾ ಇಷ್ಟ.

ಮೊದಲು ನೀಲಿಯ ಕತೆ. ಪೆಟ್ಟಿ ಮನೆಯವರು ಹೇಳುವುದು ಹೀಗೆ: ಒಂದು ಸಲ ರೇಸಿಗೆ ಮುಂಚೆ ಕಾರಿಗೆ ಬಣ್ಣ ಹೊಡೆಯಬೇಕಿತ್ತು. ವರ್ಕ್‌ಶಾಪಿನಲ್ಲಿ ಸ್ವಲ್ಪ ಕಡುನೀಲಿ ಇತ್ತು, ಸ್ವಲ್ಪ ಬಿಳಿ ಇತ್ತು. ಯಾವುದೊಂದೂ ಇಡೀ ಕಾರಿಗೆ ಸಾಲದು. ಎರಡನ್ನೂ ಸೇರಿಸಿ ಕಲಸಿದರು. ಬಂದ ತಿಳಿನೀಲಿ ಕಣ್ಣಿಗೆ ಹಿಡಿಸಿತು. ಅದಕ್ಕೇ ‘ಪೆಟ್ಟಿ ನೀಲಿ’ ಅಂತ ಹೆಸರು ಬಿತ್ತು. ದೂರದಿಂದ ಆ ಬಣ್ಣ ಕಂಡರೆ ಸಾಕು, ಪೆಟ್ಟಿ ಬಂದರು ಅಂತ ಜನಕ್ಕೆ ಗೊತ್ತಾಗುತ್ತಿತ್ತು.

1972ರ ಜನವರಿ. ವರ್ಷದ ಮೊದಲ ರೇಸ್ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ಹೋಗುವ ದಾರಿಯಲ್ಲಿ ಪೆಟ್ಟಿ ಶಿಕಾಗೊದಲ್ಲಿ ಇಳಿದು ಎಸ್‌ಟಿಪಿ ಮುಖ್ಯಸ್ಥ ಆಂಡಿ ಗ್ರಾನಟೆಲ್ಲಿ ಅವರನ್ನು ಕಂಡರು. ದುಡ್ಡಿನ ಮಾತು ಬೇಗ ಮುಗಿಯಿತು. ಬಣ್ಣದ ಮಾತು ಮುಗಿಯಲಿಲ್ಲ. ಗ್ರಾನಟೆಲ್ಲಿಗೆ ಇಡೀ ಕಾರು ಎಸ್‌ಟಿಪಿಯ ಕಣ್ಣು ಕುಕ್ಕುವ ಕೆಂಪಾಗಬೇಕು. ಪೆಟ್ಟಿ ಹೇಳಿದ್ದು ಒಂದೇ ಮಾತು, ಕಾರು ನೀಲಿಯೇ. ಅವರೂ ಬಿಡಲಿಲ್ಲ, ಇವರೂ ಬಿಡಲಿಲ್ಲ. ಕೊನೆಗೆ ಬಂದ ದಾರಿ ಎರಡೂ ಬಣ್ಣ ಇರಲಿ ಅನ್ನುವುದು. ನೀಲಿ ಪೆಟ್ಟಿಯದು, ಕೆಂಪು ಎಸ್‌ಟಿಪಿಯದು.

ಗ್ರಾನಟೆಲ್ಲಿ ಆಸೆ ಬಿಟ್ಟಿರಲಿಲ್ಲ. ಪೂರ್ತಿ ಕೆಂಪು ಮಾಡಿದರೆ ಇನ್ನೂ 50,000 ಡಾಲರ್ ಕೊಡುತ್ತೇವೆ ಅನ್ನುವ ಸಾಲನ್ನು ಕರಾರಿನಲ್ಲಿ ಸೇರಿಸುತ್ತಿದ್ದರಂತೆ. ಪೆಟ್ಟಿ ಅದನ್ನು ಗೆರೆ ಎಳೆದು ಹೊಡೆದುಹಾಕಿ ಸಹಿ ಹಾಕುತ್ತಿದ್ದರಂತೆ. ಆ ಕಾಲಕ್ಕೆ 50,000 ಡಾಲರ್ ಸಣ್ಣ ಮೊತ್ತ ಅಲ್ಲವೇ ಅಲ್ಲ. ದುಡ್ಡಿನ ಅಗತ್ಯ ಇದ್ದಾಗಲೂ ಅವರು ಅಪ್ಪನ ಅಂಗಳದಲ್ಲಿ ಕಲಸಿದ ಬಣ್ಣವನ್ನು ಮಾರಲಿಲ್ಲ. ಈ ಪಾಲುದಾರಿಕೆ ಅಷ್ಟು ವರ್ಷ ಬಾಳಿದ್ದಕ್ಕೆ ಆ ಗೆರೆಯೇ ಕಾರಣ ಅಂತ ನಾನು ನಂಬಿದ್ದೇನೆ. ಕಾರು ಪೂರ್ತಿ ಕೆಂಪಾಗಿದ್ದರೆ ಜನರ ಕಣ್ಣಿಗೆ ಅದು ಒಂದು ಜಾಹೀರಾತು ಆಗುತ್ತಿತ್ತು. ನೀಲಿ ಉಳಿದದ್ದರಿಂದ ಅದು ಪೆಟ್ಟಿಯ ಕಾರಾಗಿಯೇ ಉಳಿಯಿತು, ಎಸ್‌ಟಿಪಿಗೆ ಆ ಮನೆಯಲ್ಲಿ ಒಂದು ಜಾಗ ಸಿಕ್ಕಿತು.

ಅಂದ ಹಾಗೆ, ರಿವರ್‌ಸೈಡ್‌ನ ಆ ಮೊದಲ ರೇಸನ್ನು ಪೆಟ್ಟಿಯೇ ಗೆದ್ದರು. ಆ ವರ್ಷದ ಚಾಂಪಿಯನ್ ಪಟ್ಟವೂ ಅವರಿಗೇ.

ಈ ಗ್ರಾನಟೆಲ್ಲಿ ಯಾರು?

ಮಾರುವುದರಲ್ಲಿ ಅವರಿಗೆ ಸಮ ಇಲ್ಲ. 1963ರಲ್ಲಿ ಎಸ್‌ಟಿಪಿಯ ಚುಕ್ಕಾಣಿ ಹಿಡಿದರು. ಸ್ಟಿಕರನ್ನು ಕಂಡ ಕಂಡಲ್ಲಿ ಹಂಚಿದರು. ಮೈತುಂಬಾ ಎಸ್‌ಟಿಪಿ ಗುರುತಿರುವ ಕೋಟು ಹಾಕಿಕೊಂಡು ತಾವೇ ಟ್ರ್ಯಾಕಿಗೆ ಬರುತ್ತಿದ್ದರು. 1967ರಲ್ಲಿ ಇಂಡಿಯಾನಾಪೊಲಿಸ್ 500 ಎಂಬ ಇನ್ನೊಂದು ದೊಡ್ಡ ರೇಸಿಗೆ ಟರ್ಬೈನ್ ಇಂಜಿನ್ನಿನ ಕಾರು ತಂದರು. ಪಾರ್ನೆಲ್ಲಿ ಜೋನ್ಸ್ ಓಡಿಸಿದ ಆ ಕಾರು ಬಹುಪಾಲು ಮುಂದೆಯೇ ಇತ್ತು. ಇನ್ನೇನು ಮೂರು ನಾಲ್ಕು ಸುತ್ತು ಬಾಕಿ ಇರುವಾಗ ಒಂದು ಚಿಕ್ಕ ಬೇರಿಂಗ್ ಕೈ ಕೊಟ್ಟಿತು. 1969ರಲ್ಲಿ ಅದೇ ರೇಸನ್ನು ಗ್ರಾನಟೆಲ್ಲಿಯ ಕಾರಿನಲ್ಲಿ ಮಾರಿಯೊ ಆಂಡ್ರೆಟ್ಟಿ ಗೆದ್ದಾಗ, ಗ್ರಾನಟೆಲ್ಲಿ ಖುಷಿ ತಡೆಯಲಾರದೆ ಆಂಡ್ರೆಟ್ಟಿಯ ಕೆನ್ನೆಗೆ ಮುತ್ತಿಟ್ಟರು. ಆ ಫೋಟೊ ಇವತ್ತಿಗೂ ಓಡಾಡುತ್ತದೆ.

ಇಷ್ಟೆಲ್ಲ ದುಡ್ಡು ಹಾಕಿ ಎಸ್‌ಟಿಪಿಗೆ ಸಿಕ್ಕಿದ್ದೇನು?

1979ರ ಫೆಬ್ರವರಿ 18 ನೋಡಿ. ಡೇಟೋನಾ 500 ಅನ್ನು ಮೊದಲಿಂದ ಕೊನೆವರೆಗೆ ಟಿವಿಯಲ್ಲಿ ನೇರವಾಗಿ ತೋರಿಸಿದ್ದು ಅದೇ ಮೊದಲು. ಅಮೆರಿಕದ ಪೂರ್ವ ಭಾಗದಲ್ಲಿ ಭಾರಿ ಹಿಮ ಬಿದ್ದಿತ್ತು. ಜನ ಹೊರಗೆ ಹೋಗುವಂತಿಲ್ಲ, ಟಿವಿ ಮುಂದೆ ಕೂತರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಕೇಲ್ ಯಾರ್ಬರೊ, ಡಾನಿ ಆಲಿಸನ್ ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಹುಲ್ಲಿಗೆ ಇಳಿದರು. ಹಿಂದೆ ದೂರದಲ್ಲಿದ್ದ ಪೆಟ್ಟಿ ಬಂದು ಗೆರೆ ದಾಟಿದರು. ಅತ್ತ ಹುಲ್ಲಿನ ಮೇಲೆ ಹೊಡೆದಾಟ, ಇತ್ತ ನೀಲಿ ಕೆಂಪು ಕಾರಿನ ಗೆಲುವು. ಈ ಆಟವನ್ನು ಮುಂಚೆ ನೋಡಿಯೇ ಇರದ ಮನೆಗಳಿಗೂ ಬಾನೆಟ್ ಮೇಲಿನ ಆ ಮೂರು ಅಕ್ಷರ ತಲುಪಿತು. ದುಡ್ಡು ಕೊಟ್ಟರೂ ಸಿಗದ ಗಳಿಗೆ ಅದು.

ಇನ್ನೊಂದು ಮಾತು. ಪೆಟ್ಟಿ ತಮ್ಮ ಕಾರಿನ ಮೇಲೆ ಮದ್ಯದ ಜಾಹೀರಾತು ಹಾಕಿಸಿಕೊಳ್ಳುತ್ತಿರಲಿಲ್ಲ, ಅಮ್ಮನಿಗೆ ಅದು ಇಷ್ಟವಿರಲಿಲ್ಲ ಅಂತ. ಬಿಯರ್ ಕಂಪನಿ ಕೊಡುವ ಬಹುಮಾನ ಕೈ ತಪ್ಪಿದರೂ ಸರಿ. ಅಂಥವರ ಕಾರಿನ ಮೇಲೆ ಹೆಸರಿದೆ ಅಂದರೆ ಆ ಹೆಸರಿಗೂ ಒಂದು ತೂಕ ಬರುತ್ತದೆ, ಅಲ್ವಾ?

ಪೆಟ್ಟಿ ತಂಡ ಮೋಸ ಮಾಡಿ ಸಿಕ್ಕಿಬಿದ್ದಿತ್ತಂತೆ, ನಿಜವಾ?

ನಿಜ. 1983ರ ಅಕ್ಟೋಬರ್, ಶಾರ್ಲೆಟ್. ಗೆದ್ದ ಮೇಲೆ ತಪಾಸಣೆ ಮಾಡಿದರೆ ಇಂಜಿನ್ನಿನ ಗಾತ್ರ 381.983 ಘನ ಇಂಚು ಇತ್ತು, ಮಿತಿ 358. ಎಡಗಡೆಗೆ ಹಾಕುವ ಮೆದು ಟೈರನ್ನು ಬಲಗಡೆಗೂ ಹಾಕಿದ್ದರು. 35,000 ಡಾಲರ್ ದಂಡ, 104 ಪಾಯಿಂಟ್ ಕಡಿತ. ಗೆಲುವನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಈಗಲೂ ಅದು 200ರ ಲೆಕ್ಕದಲ್ಲಿದೆ.

ನನಗೆ ಇದು ನೋವಿನ ಪ್ರಶ್ನೆ. ಪೆಟ್ಟಿ ಅಂದ್ರೆ ಇಷ್ಟ ಅಂತ ಇದನ್ನು ಮುಚ್ಚಿಡುವುದು ಸರಿಯಲ್ಲ. ಇದಾದ ಮೇಲೆ ಪೆಟ್ಟಿ ಸ್ವಂತ ಮನೆಯ ತಂಡ ಬಿಟ್ಟು ಎರಡು ವರ್ಷ ಬೇರೆ ತಂಡಕ್ಕೆ ಓಡಿಸಿದರು. ಎಸ್‌ಟಿಪಿ ಕೂಡ ಅವರ ಹಿಂದೆಯೇ ಹೋಯಿತು.

200ನೇ ಗೆಲುವಿನ ಬಗ್ಗೆ ಹೇಳಿ.

1984ರ ಜುಲೈ 4, ಡೇಟೋನಾ. ಎರಡೂವರೆ ಮೈಲಿಯ ಟ್ರ್ಯಾಕು, 160 ಸುತ್ತು. ಅಧ್ಯಕ್ಷ ರೇಗನ್ ವಿಮಾನದಿಂದಲೇ ಫೋನಿನಲ್ಲಿ ಇಂಜಿನ್ ಶುರು ಮಾಡಲು ಹೇಳಿ, ಆಮೇಲೆ ಬಂದು ರೇಸ್ ನೋಡಲು ಕೂತರು. 158ನೇ ಸುತ್ತಿನಲ್ಲಿ ಹಿಂದೆ ಒಂದು ಕಾರು ಪಲ್ಟಿಯಾಯಿತು. ಆಗಿನ ನಿಯಮದ ಪ್ರಕಾರ ಅಪಾಯ ಸೂಚಿಸುವ ಹಳದಿ ಬಾವುಟ ಬಂದರೂ ಗೆರೆ ತಲುಪುವವರೆಗೆ ಪೈಪೋಟಿ ಇರುತ್ತಿತ್ತು. ಅಂದರೆ ಈ ಸುತ್ತನ್ನು ಗೆದ್ದವರೇ ರೇಸ್ ಗೆದ್ದ ಹಾಗೆ, ಉಳಿದ ಎರಡು ಸುತ್ತಿನಲ್ಲಿ ಯಾರೂ ಯಾರನ್ನೂ ದಾಟುವಂತಿಲ್ಲ.

ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ. ಕೇಲ್ ಯಾರ್ಬರೊ ಹೊರಗಡೆ, ಪೆಟ್ಟಿ ಒಳಗಡೆ. ಕಾರುಗಳು ಬಾಗಿಲಿಗೆ ಬಾಗಿಲು ತಾಗಿಸಿಕೊಂಡು ಬರುತ್ತವೆ. ಒಂದಕ್ಕೊಂದು ಉಜ್ಜುತ್ತವೆ. ನೇರ ದಾರಿಯಲ್ಲಿ ಯಾರು ಮುಂದೆ ಅಂತಲೇ ಗೊತ್ತಾಗುವುದಿಲ್ಲ. ಗೆರೆ ದಾಟುವಾಗ ಪೆಟ್ಟಿಯ ಪಾಂಟಿಯಾಕಿನ ಮೂತಿ ಕೆಲವೇ ಇಂಚು ಮುಂದಿರುತ್ತದೆ. ರೇಸ್ ಮುಗಿಯಿತು ಅಂತ ತಪ್ಪು ತಿಳಿದು ಯಾರ್ಬರೊ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ಹೋಗಿಬಿಟ್ಟರು, ಪಾಪ, ಮೂರನೆಯವರಾದರು. ಪೆಟ್ಟಿ ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ ಹೋಗಿ ರೇಗನ್ ಅವರನ್ನು ಕಂಡರು.

ಆಮೇಲೆ ಎಷ್ಟು ಗೆದ್ದರು?

ಒಂದೂ ಇಲ್ಲ. ಅದೇ ಕೊನೆಯ ಗೆಲುವು. 1992ರಲ್ಲಿ ನಿವೃತ್ತಿಯಾಗುವವರೆಗೆ ಎಂಟು ವರ್ಷ ಹತ್ತಿರ ಹತ್ತಿರ ಬರಿಗೈ. 1988ರ ಡೇಟೋನಾದಲ್ಲಿ ಕಾರು ಬೇಲಿಗುಂಟ ಉರುಳುರುಳಿ ಬಿಡಿಬಿಡಿ ಆಯಿತು. ಪುಣ್ಯಕ್ಕೆ ಪ್ರಾಣಕ್ಕೆ ಏನೂ ಆಗಲಿಲ್ಲ.

ಈ ಎಂಟೂ ವರ್ಷ ಎಸ್‌ಟಿಪಿ ಬಿಟ್ಟು ಹೋಗಲಿಲ್ಲ. ಗೆಲ್ಲುವಾಗ ಜೊತೆಗಿರುವವರು ಬೇಕಾದಷ್ಟು ಜನ ಸಿಗುತ್ತಾರೆ. ನಮ್ಮ ಕ್ರಿಕೆಟ್ ತಂಡದ ಅಂಗಿಯನ್ನೇ ನೋಡಿ. 2014ರಿಂದ ಈಚೆಗೆ ಸ್ಟಾರ್, ಒಪ್ಪೊ, ಬೈಜೂಸ್, ಡ್ರೀಮ್ 11, ಅಪೋಲೊ ಟೈರ್ಸ್ ಅಂತ ಐದು ಹೆಸರು ಬಂದವು. 43ರ ತಂಡದ ಮುಖ್ಯ ಹೆಸರಾಗಿ ಎಸ್‌ಟಿಪಿ ಇದ್ದದ್ದು 1972ರಿಂದ 1999ರವರೆಗೆ.

ಪೆಟ್ಟಿಯ ಕೊನೆಯ ರೇಸ್ 1992ರ ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ. ಅಪಘಾತವಾಗಿ ಕಾರಿಗೆ ಬೆಂಕಿ ಹತ್ತಿತು. ಹುಡುಗರು ಹೇಗೋ ರಿಪೇರಿ ಮಾಡಿದರು. ಎರಡು ಸುತ್ತು ಬಾಕಿ ಇರುವಾಗ ಅವರು ಮತ್ತೆ ಟ್ರ್ಯಾಕಿಗೆ ಬಂದು, ಓಡುವ ಕಾರಿನಲ್ಲೇ ರೇಸ್ ಮುಗಿಸಿದರು.

1993ರಲ್ಲಿ 43ಕ್ಕೆ ವಿಶ್ರಾಂತಿ ಕೊಟ್ಟು 44 ಓಡಿಸಿದರು. ಆಮೇಲೆ 43 ಮರಳಿತು. 1996ರಲ್ಲಿ ಫೀನಿಕ್ಸ್‌ನಲ್ಲಿ ಬಾಬಿ ಹ್ಯಾಮಿಲ್ಟನ್ ಗೆದ್ದರು. 1984ರ ಆ ದಿನದ ಬಳಿಕ 43 ಗೆದ್ದದ್ದು ಅದೇ ಮೊದಲು, ಹನ್ನೆರಡು ವರ್ಷ ಕಾದ ಮೇಲೆ. 1999ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಜಾನ್ ಆಂಡ್ರೆಟ್ಟಿ ಗೆದ್ದರು. 2000ದಲ್ಲಿ ಚೀರಿಯೋಸ್ ಎಂಬ ಬೆಳಗಿನ ತಿಂಡಿಯ ಹೆಸರು ಬಂತು, ಎಸ್‌ಟಿಪಿ ಹಿಂದಕ್ಕೆ ಸರಿಯಿತು.

ರೇಸ್ ಗೆದ್ದಿದೆ ಅಂದ ಮೇಲೆ ಎಸ್‌ಟಿಪಿ ಒಳ್ಳೆ ಸಾಮಾನೇ ಇರಬೇಕಲ್ವಾ?

ಇವೆರಡನ್ನೂ ದಯವಿಟ್ಟು ಬೇರೆ ಬೇರೆ ಇಡಿ. ಸ್ಪಾನ್ಸರ್ ಮಾಡಿದ್ದು ದುಡ್ಡು ಕೊಟ್ಟು ಪಡೆದ ಜಾಗ, ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಅಲ್ಲ.

ಎಸ್‌ಟಿಪಿಯ ಹಳೆಯ ಜಾಹೀರಾತು ಒಂದಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಇದರಲ್ಲಿ ಅದ್ದಿ, ಬೆರಳಲ್ಲಿ ಹಿಡಿದು ಎತ್ತಿ ನೋಡಿ ಅನ್ನುತ್ತಿದ್ದರು. ಎಷ್ಟು ಗಟ್ಟಿ ಹಿಡಿದರೂ ಜಾರಿ ಹೋಗುತ್ತದೆ. ನೋಡಲು ಬಲು ಚೆಂದ. ಆದರೆ ಬೆರಳಿನಿಂದ ಜಾರುವುದೇ ಬೇರೆ, ಕಾದ ಇಂಜಿನ್ನಿನೊಳಗೆ ನಡೆಯುವುದೇ ಬೇರೆ. ಎಸ್‌ಟಿಪಿ ಹಾಕಿದರೆ ಇಂಜಿನ್ ಕಡಿಮೆ ಆಯಿಲ್ ಕುಡಿಯುತ್ತದೆ ಅನ್ನುವ ಮಾತಿಗೆ ತಕ್ಕ ಆಧಾರ ಇಲ್ಲ ಅಂತ ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. 1978ರಲ್ಲಿ ಕಂಪನಿ 5 ಲಕ್ಷ ಡಾಲರ್ ದಂಡ ಕಟ್ಟಿತು. ಈ ವಿಷಯವನ್ನು ಜನರಿಗೆ ತಿಳಿಸಲು ಪತ್ರಿಕೆಗಳಲ್ಲಿ 2 ಲಕ್ಷ ಡಾಲರಿನ ಜಾಹೀರಾತನ್ನೂ ಕೊಡಬೇಕಾಯಿತು. 1995ರಲ್ಲಿ ಆಗಿನ ಮಾಲೀಕರು ಮತ್ತೆ 8,88,000 ಡಾಲರ್ ದಂಡ ತೆತ್ತರು. ಪೆಟ್ಟಿ ಗೆದ್ದದ್ದು ಮಾರಿಸ್ ಕಟ್ಟಿದ ಇಂಜಿನ್ನಿನಿಂದ, ಡೇಲ್ ಇನ್ಮನ್ ಹಾಕಿದ ಲೆಕ್ಕಾಚಾರದಿಂದ, ತಮ್ಮ ಕೈಚಳಕದಿಂದ.

ಹಾಗಾದ್ರೆ ನನ್ನ ಗಾಡಿಗೆ ಇಂಥದ್ದು ಹಾಕಬಹುದಾ?

ಈಗಿನ ಇಂಜಿನ್ ಆಯಿಲ್‌ನಲ್ಲಿ ಬೇಕಾದದ್ದನ್ನೆಲ್ಲ ಕಂಪನಿಯವರೇ ಬೆರೆಸಿರುತ್ತಾರೆ. ಹೊಸ ಕಾರುಗಳು ಕೇಳುವುದೇ ತೆಳು ಆಯಿಲ್, ಅದಕ್ಕೆ ಪಾಕದಂಥದ್ದು ಸುರಿದು ಮಂದ ಮಾಡುವುದು ಯಾಕೆ? ಬೈಕಿನವರಂತೂ ಹುಷಾರು. ನಮ್ಮ ಬಹುತೇಕ ಬೈಕುಗಳಲ್ಲಿ ಇಂಜಿನ್ನಿಗೂ ಕ್ಲಚ್ಚಿಗೂ ಒಂದೇ ಆಯಿಲ್. ಜಾರಿಸುವ ಪದಾರ್ಥ ಬಿದ್ದರೆ ಕ್ಲಚ್ ಸ್ಲಿಪ್ ಆಗಬಹುದು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುವ ಗ್ರೇಡ್ ನೋಡಿ ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸಿ.

ಬೇರೆ ಆಯಿಲ್ ಕಂಪನಿಗಳು ಈ ರೇಸಿನಲ್ಲಿ ಇರಲಿಲ್ವಾ?

ತುಂಬಾ ಇದ್ದವು, ಇವೆ. ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲೂ ಡಬ್ಬ ಸಿಗುವ ವಾಲ್ವೋಲಿನ್ 1990ರ ದಶಕದಲ್ಲಿ ಮಾರ್ಕ್ ಮಾರ್ಟಿನ್ ಅವರ 6ನೇ ನಂಬರಿನ ಕಾರಿನ ಮೇಲಿತ್ತು. ಟೆಕ್ಸಾಕೊದ ಹ್ಯಾವೊಲಿನ್ 1987ರಿಂದ ಡೇವಿ ಆಲಿಸನ್ ಅವರ 28ರ ಮೇಲೆ. ಈಗ ಜೋಯಿ ಲೋಗಾನೊ ಅವರ 22ರ ಮೇಲೆ ಶೆಲ್ ಪೆನ್‌ಜಾಯಿಲ್ ಹಳದಿ ಇದೆ, ಮೂರು ಸಲ ಚಾಂಪಿಯನ್ ಆದ ಕಾರು ಅದು. ಆದರೆ ಬಣ್ಣಕ್ಕಾಗಿ ಇಷ್ಟು ಜಗಳ ಆಡಿ ಆಮೇಲೆ ಇಷ್ಟು ವರ್ಷ ಕೂಡಿ ಬಾಳಿದ ಜೋಡಿ ನನ್ನ ಕಣ್ಣಿಗೆ ಇದೊಂದೇ.

ಮಕ್ಕಳ ಕಾರ್ಟೂನ್ ಸಿನಿಮಾದಲ್ಲಿ ಇಂಥದೇ ನೀಲಿ ಕಾರು ಇದೆಯಲ್ವಾ?

ಹೌದು, 2006ರ ಪಿಕ್ಸಾರ್ ಸಿನಿಮಾ. 43ನೇ ನಂಬರಿನ, ಕಿಂಗ್ ಎಂಬ ಹೆಸರಿನ ಆ ವಯಸ್ಸಾದ ಕಾರಿಗೆ ದನಿ ಕೊಟ್ಟವರು ಸ್ವತಃ ರಿಚರ್ಡ್ ಪೆಟ್ಟಿ. ಕಾರಿನ ಸ್ಪಾನ್ಸರ್ ಅಲ್ಲೂ ಒಂದು ಆಯಿಲ್ ಕಂಪನಿಯೇ, ಕತೆಗಾಗಿ ಕಟ್ಟಿದ ಹೆಸರು. ಬಣ್ಣ ಮಾತ್ರ ಪೂರ್ತಿ ನೀಲಿ.

ನಿಜವಾದ ಕಾರನ್ನು ಎಲ್ಲಿ ನೋಡಬಹುದು?

200ನೇ ಗೆಲುವಿನ ಪಾಂಟಿಯಾಕ್ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂಗೆ ಸೇರಿದೆ. ಅಲ್ಲಿಗೆ ಟಿಕೆಟ್ ಬೇಡ. ಶಾರ್ಲೆಟ್ ಕಡೆ ಕೆಲಸದಲ್ಲಿರುವ ಕನ್ನಡಿಗರಿಗೆ ಇನ್ನೂ ಹತ್ತಿರದ ದಾರಿ ಇದೆ. ಶಹರಿನೊಳಗೇ ನಾಸ್ಕಾರ್ ಹಾಲ್ ಆಫ್ ಫೇಮ್ ಇದೆ. 2010ರಲ್ಲಿ ಅದಕ್ಕೆ ಸೇರಿದ ಮೊದಲ ಐವರಲ್ಲಿ ಪೆಟ್ಟಿ ಒಬ್ಬರು. ಒಂದು ರಜಾದಿನ ಸಿಕ್ಕರೆ ಸುಮಾರು ಒಂದೂವರೆ ಗಂಟೆ ಕಾರು ಓಡಿಸಿ, ರ‍್ಯಾಂಡಲ್‌ಮನ್ ಹತ್ತಿರದ ಲೆವೆಲ್ ಕ್ರಾಸ್‌ಗೆ ಹೋಗಿ. ಪೆಟ್ಟಿ ಮ್ಯೂಸಿಯಂ ಇರುವುದು ಅಲ್ಲೇ. ಲೀ ಪೆಟ್ಟಿ 1949ರಲ್ಲಿ ರೇಸಿನ ಕಸುಬು ಶುರು ಮಾಡಿದ್ದೂ ಅದೇ ಊರಲ್ಲಿ. ಹೊರಡುವ ಮುಂಚೆ ಬಾಗಿಲು ತೆರೆದಿರುವ ದಿನ ಯಾವುದು ಅಂತ ನೋಡಿಕೊಳ್ಳಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಎರಡು ಬಣ್ಣದ ಕಾರಿನ ಪಕ್ಕ ನಿಲ್ಲಿಸಿ ಆ ನೀಲಿ ಹೇಗೆ ಬಂತು ಅಂತ ಹೇಳಿ.